ಲ್ಯಾಂಡೋಲೆಟ್ ಕಾರಿನಲ್ಲಿ ಮಡಚುವ ಛಾವಣಿ ಯಾವ ಕಡೆ ಬರಬೇಕು?

ಚಿಕ್ಕಚಕ್ರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮರದಲ್ಲಿ ಹಳೇ ಗಾಡಿಗಳ ಪುಟ್ಟ ಮಾದರಿ ಮಾಡುವುದನ್ನು ಒಂದೂವರೆ ವರ್ಷದಿಂದ ಕಲಿಯುತ್ತಿದ್ದೇನೆ. ಮುಗಿಸಿದ್ದು ಎರಡೇ. ಒಂದು ನಾಲ್ಕು ಚಕ್ರದ ಸಾಮಾನಿನ ಗಾಡಿ, ಇನ್ನೊಂದು ಬಗ್ಗಿ. ಈಗ ಮೊದಲ ಸಲ ಕಾರಿಗೆ ಕೈ ಹಾಕಿದ್ದೇನೆ. 1910ರ ಸುಮಾರಿನ ಕಾರು, 16ರಲ್ಲಿ 1ರ ಅಳತೆ. ಚಾಸಿ ಆಯಿತು, ಚಕ್ರಗಳಾದವು. ಮೇಲಿನ ಪೆಟ್ಟಿಗೆಗೆ ಬಂದು ನಿಂತುಬಿಟ್ಟಿದ್ದೇನೆ.

ತೊಂದರೆ ಇರುವುದು ನಕ್ಷೆಯಲ್ಲಿ. ಹಾಳೆಯ ಮೇಲೆ ದೊಡ್ಡದಾಗಿ ಲ್ಯಾಂಡೋಲೆಟ್ ಅಂತ ಇದೆ. ಜೊತೆಗೆ ಕೊಟ್ಟ ವಿವರಣೆಯಲ್ಲಿ ಅದೇ ಕಾರನ್ನು ಒಂದು ಕಡೆ ಲಿಮೊಸಿನ್ ಅಂದಿದ್ದಾರೆ, ಇನ್ನೊಂದು ಕಡೆ ಬ್ರೂಮ್ ಅಂದಿದ್ದಾರೆ. ಪಕ್ಕದ ನೋಟದಲ್ಲಿ ಛಾವಣಿ ಪೂರ್ತಿ ಗಟ್ಟಿ ಇರುವ ಹಾಗೆ ಗೆರೆ ಎಳೆದಿದ್ದಾರೆ. ಮೇಲಿನ ನೋಟದಲ್ಲಿ ಹಿಂದಿನ ಭಾಗಕ್ಕೆ ಮಾತ್ರ ಚುಕ್ಕಿ ಗೆರೆ. ಹಿಂಬದಿಯ ಎರಡೂ ಪಕ್ಕಕ್ಕೆ ಎಸ್ ಅಕ್ಷರದ ಹಾಗೆ ಬಾಗಿದ ಕಬ್ಬಿಣದ ಪಟ್ಟಿ ಇದೆ. ಅದರ ಹೆಸರೂ ಇಲ್ಲ, ಕೆಲಸವೂ ಬರೆದಿಲ್ಲ.

ಲ್ಯಾಂಡೋ ಎಂಬ ಕುದುರೆ ಗಾಡಿಯ ಛಾವಣಿ ಎರಡು ಭಾಗವಾಗಿ ಮುಂದಕ್ಕೂ ಹಿಂದಕ್ಕೂ ಮಡಚುತ್ತದೆ ಅಂತ ಓದಿದ್ದೆ. ಅದನ್ನೇ ನಂಬಿ ಎರಡು ಚೌಕಟ್ಟು ಮಾಡಿದೆ. ಮುಂದಿನದನ್ನು ಕೂರಿಸಿ ಮಡಚಿದರೆ ಡ್ರೈವರ್ ತಲೆಗೇ ತಾಗುತ್ತದೆ. ಮೂರು ಭಾನುವಾರದ ಕೆಲಸ ಅದು. ತುಂಬಾ ಬೇಜಾರಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ಲ್ಯಾಂಡೋಲೆಟ್‌ನಲ್ಲಿ ಮಡಚುವುದು ಯಾವ ಭಾಗ? ಮತ್ತೆ, ಲ್ಯಾಂಡೋಲೆಟ್, ಬ್ರೂಮ್, ಕೂಪೆ, ಫೇಟನ್ ಅಂತ ಕಾರುಗಳಿಗೆ ಇಟ್ಟ ಈ ಹೆಸರುಗಳಿಗೆ ನಿಜವಾದ ಅರ್ಥ ಇತ್ತಾ, ಅಥವಾ ಆಗಿನವರು ಬಾಯಿಗೆ ಬಂದ ಹಾಗೆ ಕರೆಯುತ್ತಿದ್ದರಾ? ಗೊತ್ತಿರುವವರು ದಯವಿಟ್ಟು ಹೇಳಿ.


ಗ್ರೀಸ್‌ಕೈ:

ಹೆಸರಿನ ಹಿಂದೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. 1970ರ ದಶಕದ ಅಮೆರಿಕದ ಕಾರುಗಳನ್ನೇ ನೋಡಿ. ಬ್ರೂಮ್ ಅಂತ ಹೆಸರಿದ್ದರೆ ಮೆತ್ತನೆಯ ಸೀಟು, ಛಾವಣಿಗೆ ವಿನೈಲ್ ಹೊದಿಕೆ ಇದೆ ಅಂತ ಅರ್ಥ, ಅಷ್ಟೇ. ಫೋಕ್ಸ್‌ವ್ಯಾಗನ್ 2002ರಲ್ಲಿ ಫೇಟನ್ ಅಂತ ಒಂದು ಕಾರು ತಂದಿತು. ಹಳೇ ಫೇಟನ್ ತೆರೆದ ಗಾಡಿ. ಇದು ನಾಲ್ಕು ಬಾಗಿಲಿನ ಪೂರ್ತಿ ಮುಚ್ಚಿದ ಸೆಡಾನ್. ಹೆಸರು ಕೇಳಲು ಚೆನ್ನಾಗಿದ್ದರೆ ಇಟ್ಟುಕೊಳ್ಳುತ್ತಾರೆ.

ನಾನು ಎಂಜಿನ್ ಕಡೆಯವನು. ಚಾಸಿ, ಅಚ್ಚು, ಸ್ಟಿಯರಿಂಗ್ ಬಗ್ಗೆ ಏನಾದರೂ ಬೇಕಿದ್ದರೆ ಕೇಳಿ, ಖಂಡಿತ ಹೇಳುತ್ತೇನೆ.


ಉಳಿಸುತ್ತಿಗೆ:

ಚಿಕ್ಕಚಕ್ರ ಅವರೇ, ಮೊದಲು ನಿಮ್ಮ ಕೆಲಸ ಮುಂದುವರಿಯಲು ಬೇಕಾದ ಉತ್ತರ. ಹಿಂದಿನ ಭಾಗ ಮಾತ್ರ ಮಡಚಬೇಕು. ಮೇಲಿನ ನೋಟದ ಚುಕ್ಕಿ ಗೆರೆ ಸರಿ ಇದೆ, ಪಕ್ಕದ ನೋಟ ತಪ್ಪು. ಮಾಡಿಟ್ಟ ಮುಂದಿನ ಚೌಕಟ್ಟನ್ನು ಬಿಸಾಡಬೇಡಿ. ಮುಂದೊಂದು ದಿನ ಲ್ಯಾಂಡೋ ಗಾಡಿಯನ್ನೇ ಮಾಡುತ್ತೀರಿ, ಆಗ ಬೇಕಾಗುತ್ತದೆ.

ಗ್ರೀಸ್‌ಕೈ ಅವರ ಮಾತು ಈಚಿನ ಕಾರುಗಳ ಮಟ್ಟಿಗೆ ನಿಜ. ಆದರೆ 1910ರ ಕಾರಿಗೆ ಅದು ಹೊಂದುವುದಿಲ್ಲ. ಆಗ ಈ ಹೆಸರುಗಳಿಗೆ ಖಚಿತವಾದ ಅರ್ಥ ಇತ್ತು. ಯಾರು ಎಲ್ಲಿ ಕೂರುತ್ತಾರೆ, ಯಾರ ತಲೆಯ ಮೇಲೆ ಸೂರು ಇದೆ, ಯಾರು ಮಳೆಯಲ್ಲಿ ನೆನೆಯುತ್ತಾರೆ ಅನ್ನುವುದನ್ನು ಹೆಸರೇ ಹೇಳುತ್ತಿತ್ತು. ಎಂಜಿನ್ ಯಾವುದು, ಎಷ್ಟು ವೇಗ ಅನ್ನುವುದು ಹೆಸರಿನಲ್ಲಿ ಇರುತ್ತಿರಲಿಲ್ಲ.

ಇದು ನನಗೆ ತಿಳಿದದ್ದು ಒಂದು ತಪ್ಪಿನಿಂದ. ಇಪ್ಪತ್ತೆರಡು ವರ್ಷದಿಂದ ಗಾಡಿ ಮಾದರಿ ಮಾಡುತ್ತಿದ್ದೇನೆ. ಮೂರನೆಯದೋ ನಾಲ್ಕನೆಯದೋ ಹ್ಯಾನ್ಸಮ್ ಕ್ಯಾಬ್ ಆಗಿತ್ತು. ಜೋಸೆಫ್ ಹ್ಯಾನ್ಸಮ್ ಎಂಬ ವಾಸ್ತುಶಿಲ್ಪಿ 1834ರಲ್ಲಿ ಪೇಟೆಂಟ್ ಪಡೆದ ಎರಡು ಚಕ್ರದ ಬಾಡಿಗೆ ಗಾಡಿ ಅದು. ಕೈ ಅಭ್ಯಾಸದಂತೆ ಗಾಡಿಯವನ ಸೀಟನ್ನು ಮುಂದೆ ಇಟ್ಟೆ. ಎರಡು ವಾರ ಆದ ಮೇಲೆ ಕುದುರೆಯ ಮೂಕಿ ಜೋಡಿಸುವಾಗ ಜಾಗವೇ ಸಾಲಲಿಲ್ಲ. ಹಳೇ ಚಿತ್ರ ತೆಗೆದು ನೋಡಿದರೆ, ಗಾಡಿಯವನು ಹಿಂದೆ ಎತ್ತರದಲ್ಲಿ ಕೂತಿದ್ದಾನೆ! ಲಗಾಮು ಛಾವಣಿಯ ಮೇಲಿಂದ ಹಾದು ಮುಂದಕ್ಕೆ ಹೋಗುತ್ತದೆ. ಛಾವಣಿಯಲ್ಲಿ ಒಂದು ಪುಟ್ಟ ಕಿಂಡಿ. ಒಳಗಿನವರು ಅದನ್ನು ಎತ್ತಿ ಎಲ್ಲಿಗೆ ಹೋಗಬೇಕು ಅಂತ ಹೇಳಬೇಕು. ನನ್ನ ಪೆಟ್ಟಿಗೆ ಪೂರ್ತಿ ಬಿಚ್ಚಬೇಕಾಯಿತು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮರ ಕೊಯ್ಯುವ ಮೊದಲು ಜೇಡಿಮಣ್ಣಿನ ಮೂರು ಗೊಂಬೆ ಮೇಜಿನ ಮೇಲೆ ಇಡುತ್ತೇನೆ. ಒಂದು ಮಾಲೀಕ, ಒಂದು ಗಾಡಿ ಹೊಡೆಯುವವನು, ಒಂದು ಆಳು. ಮೂವರೂ ಎಲ್ಲಿ ಕೂರುತ್ತಾರೆ ಅಂತ ತೀರ್ಮಾನವಾಗುವ ತನಕ ಗರಗಸ ಮುಟ್ಟುವುದಿಲ್ಲ. ನೀವೂ ಮಾಡಿ ನೋಡಿ. ಹೆಸರುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಲ್ಯಾಂಡೋದಿಂದ ಶುರು ಮಾಡೋಣ. ಜರ್ಮನಿಯ ಲ್ಯಾಂಡೌ ಪಟ್ಟಣದ ಹೆಸರು ಅದು. ನಾಲ್ಕು ಜನ ಎದುರುಬದುರಾಗಿ ಕೂರುವ ಗಾಡಿ. ಎರಡು ಚರ್ಮದ ಛಾವಣಿ, ಮುಚ್ಚಿದಾಗ ನಡುವೆ ಕೂಡುತ್ತವೆ. ತೆರೆದಾಗ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಮಡಚುತ್ತದೆ. ಗಾಡಿಯವನು ಹೊರಗೆ, ಮುಂದೆ, ಎತ್ತರದಲ್ಲಿ. ಒಳಗಿದ್ದವರನ್ನು ಬೀದಿಯವರೆಲ್ಲ ನೋಡಬೇಕು ಅನ್ನುವಾಗ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಬ್ರಿಟನ್ ರಾಜಮನೆತನದ 1902ರ ಸ್ಟೇಟ್ ಲ್ಯಾಂಡೋ 1981ರ ಮದುವೆಗೂ 2011ರ ಮದುವೆಗೂ ಬಂದಿತ್ತು.

ಈಗ ಆ ಲ್ಯಾಂಡೋವನ್ನು ನಡುವೆ ಕತ್ತರಿಸಿ, ಮುಂದಿನ ಸೀಟು, ಮುಂದಿನ ಛಾವಣಿ ಎರಡನ್ನೂ ತೆಗೆದುಬಿಡಿ. ಉಳಿದದ್ದು ಹಿಂದಿನ ಒಂದು ಸೀಟು, ಹಿಂದಕ್ಕೆ ಮಡಚುವ ಒಂದು ಛಾವಣಿ. ಅದೇ ಲ್ಯಾಂಡೋಲೆಟ್, ಅಂದರೆ ಮರಿ ಲ್ಯಾಂಡೋ. ಕಾರಿಗೆ ಬಂದಾಗಲೂ ಲೆಕ್ಕ ಅದೇ. ಹಿಂದೆ ಕೂತ ಮಾಲೀಕರ ತಲೆಯ ಮೇಲೆ ಮಾತ್ರ ಮಡಚುವ ಛಾವಣಿ. ಡ್ರೈವರ್ ಮೇಲೆ ಗಟ್ಟಿ ಸೂರು ಇದ್ದರೂ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಮಡಚುವುದಂತೂ ಹಿಂದಿನದೇ. ಫೋರ್ಡ್ ಮಾಡೆಲ್ ಟಿ ಕೂಡ ಶುರುವಿನ ವರ್ಷಗಳಲ್ಲಿ ಲ್ಯಾಂಡೋಲೆಟ್ ರೂಪದಲ್ಲಿ ಸಿಗುತ್ತಿತ್ತು. ಈ ರೂಪ ಬಹಳ ಕಾಲ ಬದುಕಿತು. ಮರ್ಸಿಡಿಸ್‌ನವರು 1960ರಲ್ಲಿ ಪೋಪ್ 23ನೇ ಜಾನ್ ಅವರಿಗೆ ಒಂದು ಲ್ಯಾಂಡೋಲೆಟ್ ಕೊಟ್ಟರು, 1965ರಲ್ಲಿ 6ನೇ ಪಾಲ್ ಅವರಿಗೆ ಇನ್ನೊಂದು. ಕಾರಣ ಅದೇ ಹಳೆಯದು. ಒಳಗೆ ಕೂತವರು ಜನಕ್ಕೆ ಕಾಣಬೇಕು.

ಕೂಪೆ ಅಂದರೆ ಫ್ರೆಂಚಿನಲ್ಲಿ ಕತ್ತರಿಸಿದ್ದು ಅಂತ. ಬರ್ಲಿನ್ ಅನ್ನುವ ನಾಲ್ಕು ಸೀಟಿನ ಮುಚ್ಚಿದ ಸಾರೋಟು ಇತ್ತು. ಅದರ ಮುಂದಿನ ಸೀಟಿನ ಭಾಗ ಕತ್ತರಿಸಿದರೆ ಕೂಪೆ. ಇಬ್ಬರಿಗಾಗುವ ಮುಚ್ಚಿದ ಪೆಟ್ಟಿಗೆ. ಕಾರಿನ ಕೂಪೆಯೂ ಬಹಳ ದಿನ ಇದೇ ಅರ್ಥ ಉಳಿಸಿಕೊಂಡಿತ್ತು.

ಬ್ರೂಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನಗೆ ಇಷ್ಟವಾದ ಗಾಡಿ ಅದು. ಇಂಗ್ಲೆಂಡಿನಲ್ಲಿ ಲಾರ್ಡ್ ಚಾನ್ಸಲರ್ ಆಗಿದ್ದ ಲಾರ್ಡ್ ಬ್ರೂಮ್ 1838ರಲ್ಲಿ ತಮಗಾಗಿ ಮಾಡಿಸಿಕೊಂಡದ್ದು. ಅಲ್ಲಿಯವರೆಗೆ ದೊಡ್ಡವರ ಮುಚ್ಚಿದ ಗಾಡಿ ಅಂದರೆ ಭಾರ, ಎತ್ತರ, ಮೆಟ್ಟಿಲು ಹತ್ತಿ ಏರಬೇಕು. ಇವರು ಕೇಳಿದ್ದು ಒಂದೇ ಕುದುರೆ ಎಳೆಯುವ, ಹಗುರವಾದ, ನೆಲಕ್ಕೆ ಹತ್ತಿರ ಇರುವ ಗಾಡಿ. ಒಂದೇ ಹೆಜ್ಜೆಗೆ ಒಳಗೆ ಹೋಗಬಹುದು. ಮುಂದೆ ಗಾಜು, ದಾರಿ ಕಾಣುತ್ತದೆ. ಗಾಡಿಯವನು ಮಾತ್ರ ಹೊರಗೆ. ಬ್ರೂಮ್ ಕಾರು ಬಂದಾಗಲೂ ಡ್ರೈವರ್ ಹೊರಗೇ ಉಳಿದ. ಮಾಲೀಕರು ಗಾಜಿನ ಒಳಗೆ ಒಣಗಿದ ಬಟ್ಟೆಯಲ್ಲಿ, ಅವನು ಮಳೆಗಾಳಿಯಲ್ಲಿ. ಆ ಗೊಂಬೆಯನ್ನು ಹೊರಗಿನ ಸೀಟಿನಲ್ಲಿ ಇಡುವಾಗ ಪ್ರತಿ ಸಲ ನನಗೆ ಅವನ ಬಗ್ಗೆ ಸಂಕಟ ಆಗುತ್ತದೆ. ಯಾಕೆಂದರೆ ಕುದುರೆ ಇದ್ದಾಗ ಅವನು ಹೊರಗೆ ಕೂರಲು ಕಾರಣ ಇತ್ತು. ಲಗಾಮು ಕೈಯಲ್ಲಿ ಇರಬೇಕು, ಚಾಟಿ ಬೀಸಲು ಜಾಗ ಬೇಕು, ಕುದುರೆಯ ಕಿವಿ ಕಣ್ಣಿಗೆ ಕಾಣಬೇಕು. ಎಂಜಿನ್ ಬಂದ ಮೇಲೆ ಈ ಯಾವ ಕಾರಣವೂ ಉಳಿಯಲಿಲ್ಲ. ಆದರೂ ಅವನನ್ನು ಒಳಗೆ ಕರೆಯಲು ವರ್ಷಗಟ್ಟಲೆ ಹಿಡಿಯಿತು.

ಲಿಮೊಸಿನ್‌ನಲ್ಲಿ ಅವನ ಸ್ಥಿತಿ ಒಂದಿಷ್ಟು ಸುಧಾರಿಸಿತು. ಫ್ರಾನ್ಸಿನ ಲಿಮೂಜಾಂ ಪ್ರಾಂತ್ಯದ ಕುರುಬರು ಹೊದೆಯುತ್ತಿದ್ದ ಮುಸುಕಿನ ನಿಲುವಂಗಿಯಿಂದ ಆ ಹೆಸರು ಬಂತು ಅನ್ನುತ್ತಾರೆ. ನಮ್ಮ ಕಂಬಳಿಕೊಪ್ಪೆ ನೆನಪಾಗುತ್ತದೆ, ಅಲ್ವಾ? ಹಿಂದಿನ ಪೆಟ್ಟಿಗೆ ಪೂರ್ತಿ ಮುಚ್ಚಿರುತ್ತದೆ. ಅದರ ಛಾವಣಿಯನ್ನೇ ಮುಂದಕ್ಕೆ ಚಾಚಿ ಡ್ರೈವರ್ ತಲೆಯ ಮೇಲೂ ಸೂರು ಮಾಡಿದ್ದಾರೆ. ಪಕ್ಕ ಮಾತ್ರ ತೆರೆದೇ ಇರುತ್ತಿತ್ತು. ನಿಮ್ಮ ನಕ್ಷೆಯಲ್ಲಿ ಡ್ರೈವರ್ ಮೇಲೆ ಗಟ್ಟಿ ಸೂರು ಇದ್ದು, ಹಿಂದೆ ಮಡಚುವ ಭಾಗ ಇದ್ದರೆ ಅದು ಲ್ಯಾಂಡೋಲೆಟ್ಟೇ. ಆ ಗಟ್ಟಿ ಸೂರು ನೋಡಿ ವಿವರಣೆ ಬರೆದವರು ಲಿಮೊಸಿನ್ ಅಂದಿರಬೇಕು. ಬ್ರೂಮ್ ಅಂತೂ ಅಲ್ಲ.

ಫೇಟನ್ ಬೇರೆಯದೇ ಕುಲ. ಅಲ್ಲಿ ಎರಡನೆಯ ಗೊಂಬೆಯೇ ಇಲ್ಲ, ಮಾಲೀಕನೇ ಗಾಡಿ ಹೊಡೆಯುತ್ತಾನೆ. ಗ್ರೀಕರ ಕತೆಯಲ್ಲಿ ಸೂರ್ಯದೇವನ ಮಗ ಫೇತಾನ್ ಅಪ್ಪನ ರಥ ಹಠ ಮಾಡಿ ಪಡೆದು, ಕುದುರೆಗಳನ್ನು ಹಿಡಿಯಲಾಗದೆ ಭೂಮಿಯನ್ನೇ ಸುಡುವ ಹಾಗೆ ಓಡಿಸಿದ. ಎತ್ತರದ ಚಕ್ರ, ಹಗುರ ಮೈ, ಜೋರು ಓಟದ ತೆರೆದ ಗಾಡಿಗೆ ಆ ಹೆಸರು ಇಟ್ಟರು. ನಾಲ್ಕನೇ ಜಾರ್ಜ್ ದೊರೆ ಯುವರಾಜನಾಗಿದ್ದಾಗ ಇಂಥ ಗಾಡಿಗಳನ್ನು ತಾನೇ ಹೊಡೆಯುತ್ತಿದ್ದ. ಕಾರಿನ ಫೇಟನ್ ಅಂದರೂ ತೆರೆದದ್ದು, ಪಕ್ಕದಲ್ಲಿ ಗಾಜಿನ ಕಿಟಕಿ ಇಲ್ಲದ್ದು.

ಕ್ಯಾಬ್ರಿಯೋಲೆ ಎರಡು ಚಕ್ರದ್ದು, ಒಂದು ಕುದುರೆ. ಅಲ್ಲಿಯೂ ಮಾಲೀಕನೇ ಲಗಾಮು ಹಿಡಿಯುತ್ತಿದ್ದ. ಮೂರನೆಯ ಗೊಂಬೆಗೆ, ಅಂದರೆ ಆಳಿಗೆ, ಕೂರಲು ಜಾಗ ಇಲ್ಲ. ಹಿಂದೆ ಸಣ್ಣ ಹಲಗೆಯ ಮೇಲೆ ನಿಂತೇ ಬರಬೇಕು. ಭಾರ ಆಗಬಾರದು ಅಂತ ಸಣ್ಣ ಮೈಯ ಹುಡುಗರನ್ನೇ ಆ ಕೆಲಸಕ್ಕೆ ಹುಡುಕುತ್ತಿದ್ದರು.

ಹ್ಯಾನ್ಸಮ್‌ಗೆ ಇನ್ನೊಮ್ಮೆ ಬರುತ್ತೇನೆ. 1897ರಲ್ಲಿ ನ್ಯೂಯಾರ್ಕ್ ಬೀದಿಗಳಿಗೆ ಬ್ಯಾಟರಿಯಿಂದ ಓಡುವ ಬಾಡಿಗೆ ಗಾಡಿಗಳು ಬಂದವು. ಇಲೆಕ್ಟ್ರೋಬ್ಯಾಟ್ ಅಂತ ಕರೆಯುತ್ತಿದ್ದರು. ಕುದುರೆ ಇಲ್ಲ, ಲಗಾಮು ಇಲ್ಲ. ಆದರೆ ಚಾಲಕ ಹಿಂದೆ ಎತ್ತರದಲ್ಲೇ ಕೂತಿದ್ದಾನೆ! ಪ್ರಯಾಣಿಕರು ಅವನ ಮುಂದೆ, ಅವರ ಮುಂದೆ ಖಾಲಿ ರಸ್ತೆ. ಏನಾದರೂ ಎದುರು ಬಂದರೆ ಮೊದಲು ಸಿಕ್ಕುವುದು ಅವರೇ. ಆ ಚಿತ್ರ ನೋಡಿದಾಗಲೇ ನನಗೆ ಈ ಹೆಸರುಗಳ ಗುಟ್ಟು ಮನಸ್ಸಿಗೆ ಹತ್ತಿದ್ದು. ಜನ ಕೊಳ್ಳುತ್ತಿದ್ದದ್ದು ತಮಗೆ ಗೊತ್ತಿದ್ದ ಕೂರುವ ಕ್ರಮವನ್ನು. ಕುದುರೆ ಹೋಗಿ ಯಂತ್ರ ಬಂದರೂ ಆ ಕ್ರಮ ಬದಲಾಗಬಾರದು.

ಹೆಸರುಗಳು ಪೊಳ್ಳಾದದ್ದು ಮಾಲೀಕರು ತಾವೇ ಸ್ಟಿಯರಿಂಗ್ ಹಿಡಿದು ಕೂತ ಮೇಲೆ. 1908ರಲ್ಲಿ ಮಾಡೆಲ್ ಟಿ ಬಂದು, ಆಳುಕಾಳು ಇಲ್ಲದ ಮನೆಗೂ ಕಾರು ಹೋಯಿತು. ಎಲ್ಲರೂ ಒಂದೇ ಪೆಟ್ಟಿಗೆಯಲ್ಲಿ. 1912ರ ಹೊತ್ತಿಗೆ ಸ್ಟೂಡ್‌ಬೇಕರ್‌ನವರು ಅಂಥ ಒಂದೇ ಪೆಟ್ಟಿಗೆಯ ಕಾರನ್ನು ಸೆಡಾನ್ ಅಂತ ಕರೆದರು. ಸೆಡಾನ್ ಅನ್ನುವುದು ಗಾಡಿಯೂ ಅಲ್ಲ. 17ನೇ ಶತಮಾನದಿಂದ ಲಂಡನ್ನಿನಲ್ಲಿ ಇಬ್ಬರು ಹೊತ್ತುಕೊಂಡು ಹೋಗುತ್ತಿದ್ದ ಮುಚ್ಚಿದ ಕುರ್ಚಿ, ಮೇನೆ ಇದ್ದ ಹಾಗೆ. ಆಗ ಹೊರುವವರು ಹೊರಗೆ ಇದ್ದರು. ಕಾರಾದ ಮೇಲೆ ಚಾಲಕ ಒಳಗೆ ಬಂದ. ಅಲ್ಲಿಂದ ಮುಂದೆ ನನ್ನ ಮೇಜಿನ ಮೇಲೆ ಒಂದೇ ಗೊಂಬೆ ಸಾಕು. ಗ್ರೀಸ್‌ಕೈ ಅವರು ಹೇಳಿದ 1970ರ ಬ್ರೂಮ್‌ಗಳು ಆ ನಂತರದವು.


ಚಿಕ್ಕಚಕ್ರ:

ಉಳಿಸುತ್ತಿಗೆ ಸರ್, ತುಂಬಾ ಧನ್ಯವಾದ. ಓದುತ್ತಾ ಓದುತ್ತಾ ನಕ್ಷೆ ಮುಂದೆ ಇಟ್ಟುಕೊಂಡು ನೋಡಿದೆ. ಡ್ರೈವರ್ ಮೇಲೆ ಗಟ್ಟಿ ಸೂರು ಇದೆ, ಪಕ್ಕ ತೆರೆದಿದೆ. ನೀವು ಹೇಳಿದ ಹಾಗೆಯೇ.

ಗ್ರೀಸ್‌ಕೈ ಅವರೇ, ನೀವು ಕೇಳಿ ಅಂದಿರಲ್ಲ, ಅದಕ್ಕೆ ಕೇಳುತ್ತಿದ್ದೇನೆ. ನಾನು ಮಾಡಿದ ಸಾಮಾನಿನ ಗಾಡಿಯಲ್ಲಿ ಮುಂದಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು. ಈ ಕಾರಿನಲ್ಲಿ ನಾಲ್ಕೂ ಒಂದೇ ಅಳತೆ. ಮೇಲಿನ ಪೆಟ್ಟಿಗೆ ಗಾಡಿಯದ್ದೇ ಅಂದ ಮೇಲೆ ಚಕ್ರ ಯಾಕೆ ಬದಲಾಯಿತು?


ಗ್ರೀಸ್‌ಕೈ:

ಒಳ್ಳೆಯ ಪ್ರಶ್ನೆ. ಉಳಿಸುತ್ತಿಗೆ ಸರ್, ನೀವು ಹೇಳಿದ್ದು ಓದಿ ನನ್ನ ಮೊದಲ ಮಾತು ಹಿಂದಕ್ಕೆ ತೆಗೆದುಕೊಂಡೆ. 1910ಕ್ಕೆ ಅದು ಸರಿ ಹೊಂದುವುದಿಲ್ಲ.

ಚಕ್ರದ ಕತೆ ಹೀಗಿದೆ. ಕುದುರೆ ಗಾಡಿ ತಿರುಗುವಾಗ ಮುಂದಿನ ಅಚ್ಚು ಪೂರ್ತಿಯಾಗಿ ನಡುವಿನ ಒಂದು ಗೂಟದ ಮೇಲೆ ತಿರುಗುತ್ತದೆ. ಹಾಗೆ ತಿರುಗಿದಾಗ ಒಂದು ಬದಿಯ ಚಕ್ರ ಗಾಡಿಯ ಮೈ ಕೆಳಗೆ ನುಗ್ಗಬೇಕು. ದೊಡ್ಡ ಚಕ್ರವಾದರೆ ಮೈಗೆ ತಗಲುತ್ತದೆ. ಅದಕ್ಕೇ ಮುಂದಿನದು ಚಿಕ್ಕದು. ಕುದುರೆ ಮೂಕಿ ಹಿಡಿದು ಎಳೆಯುವುದರಿಂದ ಇಡೀ ಅಚ್ಚನ್ನು ತಿರುಗಿಸಲು ಕಷ್ಟವಿಲ್ಲ. ಅಷ್ಟುದ್ದದ ಮೂಕಿಯೇ ಸನ್ನೆಕೋಲು.

ಕುದುರೆ ಬಿಚ್ಚಿ ಎಂಜಿನ್ ಇಟ್ಟರೆ ಈ ವ್ಯವಸ್ಥೆ ಕೈ ಕೊಡುತ್ತದೆ. ಒಂದು ಚಕ್ರ ಕಲ್ಲಿಗೆ ಬಡಿದರೆ ಇಡೀ ಅಚ್ಚು ತಿರುಚಿಕೊಂಡು, ಚಾಲಕನ ಕೈಯಲ್ಲಿರುವ ಹಿಡಿಯನ್ನೇ ಕಿತ್ತುಕೊಳ್ಳುತ್ತದೆ. ಗಾಟ್ಲೀಬ್ ಡೈಮ್ಲರ್ 1886ರಲ್ಲಿ ಒಂದು ಸಾರೋಟು ಕೊಂಡರು. ಹೆಂಡತಿಗೆ ಹುಟ್ಟುಹಬ್ಬದ ಉಡುಗೊರೆ ಅಂತ ಹೇಳಿ ತರಿಸಿದರು ಅನ್ನುತ್ತಾರೆ. ಅದಕ್ಕೆ 462 ಸಿಸಿಯ, 1.1 ಅಶ್ವಶಕ್ತಿಯ ಎಂಜಿನ್ ಕೂರಿಸಿದರು. ನಾಲ್ಕು ಚಕ್ರದ ಮೊದಲ ಮೋಟಾರು ಗಾಡಿಗಳಲ್ಲಿ ಅದು ಒಂದು. ಮುಂದಿನ ಅಚ್ಚು ಮಾತ್ರ ಗಾಡಿಯದ್ದೇ, ನಡುವೆ ತಿರುಗುವುದು. ಅದೇ ವರ್ಷ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಈ ತೊಡಕಿಗೆ ಸಿಕ್ಕಲೇ ಇಲ್ಲ. ಮುಂದೆ ಒಂದೇ ಚಕ್ರ ಇಟ್ಟು ಮೂರು ಚಕ್ರದ ಗಾಡಿ ಮಾಡಿದರು.

ಉತ್ತರ ಸಿಕ್ಕಿದ್ದು ಮತ್ತೆ ಗಾಡಿ ಮಾಡುವವರ ಹತ್ತಿರವೇ. ಇದು ನನಗೆ ಬಹಳ ಹಿಡಿಸುವ ಸಂಗತಿ. ಮ್ಯೂನಿಕ್‌ನಲ್ಲಿ ಸಾರೋಟು ಕಟ್ಟುತ್ತಿದ್ದ ಲ್ಯಾಂಕನ್‌ಸ್ಪೆರ್ಗರ್ ಎಂಬ ಕುಶಲಕರ್ಮಿ ಎಷ್ಟೋ ಮೊದಲೇ ಬೇರೆ ದಾರಿ ಕಂಡುಹಿಡಿದಿದ್ದರು. ಅಚ್ಚು ಅಲುಗಬಾರದು. ಅದರ ಎರಡು ತುದಿಯಲ್ಲಿ ಒಂದೊಂದು ಕೀಲು ಇಟ್ಟು ಚಕ್ರಗಳು ಮಾತ್ರ ತಿರುಗಬೇಕು. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಸ್ವಲ್ಪ ಜಾಸ್ತಿ ಓರೆಯಾಗಬೇಕು. ಇಂಗ್ಲೆಂಡಿನಲ್ಲಿ ಅದರ ಪೇಟೆಂಟನ್ನು 1818ರಲ್ಲಿ ಮಾಡಿಸಿದವರು ರುಡಾಲ್ಫ್ ಆಕರ್‌ಮನ್. ಹಾಗಾಗಿ ಇಂದಿಗೂ ಮೆಕ್ಯಾನಿಕ್‌ಗಳ ಬಾಯಲ್ಲಿ ಆಕರ್‌ಮನ್ ಸ್ಟಿಯರಿಂಗ್ ಅನ್ನುವ ಹೆಸರೇ ಇದೆ. ಕಂಡುಹಿಡಿದವರ ಹೆಸರು ಹೇಳುವವರು ಕಡಿಮೆ, ಅದಕ್ಕೇ ಇಲ್ಲಿ ಬರೆದೆ. ಆಗ ಸಾರೋಟಿನವರು ಇದನ್ನು ಅಷ್ಟಾಗಿ ಬಳಸಲಿಲ್ಲ, ಕುದುರೆಗೆ ಅದರ ಅಗತ್ಯ ಇರಲಿಲ್ಲ. ಬೆಂಜ್ 1893ರಲ್ಲಿ ಎರಡು ತುದಿಯ ಕೀಲು ಇಟ್ಟು ತಮ್ಮ ಮೊದಲ ನಾಲ್ಕು ಚಕ್ರದ ಕಾರು ತಂದರು. ಅದಕ್ಕೆ ಇಟ್ಟ ಹೆಸರು ವಿಕ್ಟೋರಿಯಾ. ಅದೂ ಒಂದು ಕುದುರೆ ಗಾಡಿಯ ಹೆಸರು! ಅಚ್ಚು ತಿರುಗುವುದು ನಿಂತ ಮೇಲೆ ಚಕ್ರ ಮೈ ಕೆಳಗೆ ಹೋಗಬೇಕಾದ ಕೆಲಸ ಇಲ್ಲ. ಮುಂದಿನದನ್ನೂ ದೊಡ್ಡದು ಮಾಡಬಹುದಾಯಿತು. ನಿಮ್ಮ ಮಾದರಿಯಲ್ಲಿ ನಾಲ್ಕೂ ಸಮ ಇರುವುದು ಇದರಿಂದಲೇ.

ಇನ್ನೊಂದು ಮಾತು. ಮೇಲಿನ ಪೆಟ್ಟಿಗೆ ಮಾಡುತ್ತಿದ್ದವರೂ ಗಾಡಿಯವರೇ. ಎಷ್ಟೋ ಕಂಪನಿಗಳು ಚಾಸಿ, ಎಂಜಿನ್ ಮಾತ್ರ ಮಾರುತ್ತಿದ್ದವು. ರೋಲ್ಸ್ ರಾಯ್ಸ್ ಕೊಂಡವರು ಅದನ್ನು ಬಾರ್ಕರ್ ಥರದ ಸಾರೋಟು ಕಟ್ಟುವವರ ಹತ್ತಿರ ಕೊಂಡೊಯ್ದು ಮೈ ಕಟ್ಟಿಸುತ್ತಿದ್ದರು. ಸ್ಟೂಡ್‌ಬೇಕರ್ ಕುಟುಂಬ 1852ರಿಂದ ಗಾಡಿ ಮಾಡುತ್ತಿತ್ತು, 1902ರಲ್ಲಿ ಬ್ಯಾಟರಿ ಕಾರು, 1904ರಲ್ಲಿ ಪೆಟ್ರೋಲ್ ಕಾರು. ಉಳಿ ಹಿಡಿದ ಕೈ ಅದೇ, ಅಳತೆ ಪಟ್ಟಿಯೂ ಅದೇ. ಹೆಸರೂ ಅದೇ ಉಳಿದದ್ದರಲ್ಲಿ ಆಶ್ಚರ್ಯ ಇಲ್ಲ ಅಂತ ಈಗ ಅನ್ನಿಸುತ್ತಿದೆ.


ಪದಪ್ರಿಯೆ:

ನನಗೆ ಉಳಿ, ಕೀಲು ಯಾವುದೂ ಗೊತ್ತಿಲ್ಲ. ಆದರೆ ಪದಗಳ ಹುಚ್ಚು ಇದೆ. ನೀವೆಲ್ಲ ಬಿಟ್ಟ ಕೆಲವನ್ನು ಸೇರಿಸುತ್ತೇನೆ.

ಕೋಚ್ ಅನ್ನುವುದು ಹಂಗೆರಿಯ ಕೋಚ್ ಎಂಬ ಹಳ್ಳಿಯ ಹೆಸರು. 15ನೇ ಶತಮಾನದಲ್ಲಿ ಅಲ್ಲಿಯ ಗಾಡಿಗಳು ಹೆಸರುವಾಸಿ. ಹಂಗೆರಿಯವರು ಇವತ್ತಿಗೂ ಕಾರನ್ನು ಕೋಚಿ ಅನ್ನುತ್ತಾರೆ. ಸ್ಪೇನಿನವರು ಕೋಚೆ ಅನ್ನುತ್ತಾರೆ. ನಾವು ರೈಲಿನ ಕೋಚು ಅನ್ನುತ್ತೇವೆ. ಒಂದು ಹಳ್ಳಿಯ ಹೆಸರು ಎಷ್ಟು ದೂರ ಬಂದಿದೆ ನೋಡಿ. ಉಳಿಸುತ್ತಿಗೆ ಅವರು ಹೇಳಿದ ಬರ್ಲಿನ್ ಗಾಡಿಯೂ ಸತ್ತಿಲ್ಲ. ಇಂಗ್ಲಿಷಿನವರು ಸೆಡಾನ್, ಸಲೂನ್ ಅನ್ನುವ ಕಾರಿಗೆ ಫ್ರೆಂಚರು ಇಂದಿಗೂ ಬರ್ಲೀನ್ ಅಂತಲೇ ಹೇಳುವುದು, ಇಟಲಿಯವರು ಬರ್ಲೀನಾ.

ಕ್ಯಾಬ್ ಅನ್ನುವುದು ಕ್ಯಾಬ್ರಿಯೋಲೆಯ ಮೊದಲ ತುಂಡು. ಕ್ಯಾಬ್ರಿಯೋಲೆ ಬಂದದ್ದು ನೆಗೆತ ಅನ್ನುವ ಫ್ರೆಂಚ್ ಪದದಿಂದ. ಅದರ ಬೇರು ಹುಡುಕಿದರೆ ಆಡು ಸಿಗುತ್ತದೆ. ಹಗುರ ಗಾಡಿ, ಆಡಿನ ಮರಿ ಹಾಗೆ ಕುಪ್ಪಳಿಸುತ್ತಾ ಓಡುತ್ತಿತ್ತಲ್ಲ. ಬಾಡಿಗೆ ಲೆಕ್ಕ ಹಾಕುವ ಟ್ಯಾಕ್ಸಿಮೀಟರ್ ಅದಕ್ಕೆ ಸೇರಿ ಟ್ಯಾಕ್ಸಿಕ್ಯಾಬ್ ಆಯಿತು. ಈಗ ಜನ ಅದನ್ನು ಎರಡು ಹೋಳು ಮಾಡಿ ಯಾವುದು ಬೇಕೋ ಅದನ್ನು ಬಳಸುತ್ತಾರೆ.

ಬಸ್ ನನಗೆ ಎಲ್ಲಕ್ಕಿಂತ ಇಷ್ಟ. ಲ್ಯಾಟಿನ್‌ನಲ್ಲಿ ಆಮ್ನಿಬಸ್ ಅಂದರೆ ಎಲ್ಲರಿಗೂ ಅಂತ. 1826ರಲ್ಲಿ ಫ್ರಾನ್ಸಿನ ನಾಂತ್ ಊರಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆ ಗಾಡಿಗೆ ಈ ಹೆಸರು ಬಂತು. ಅದರಲ್ಲಿ ಬಸ್ ಅನ್ನುವುದು ಬರೀ ವಿಭಕ್ತಿಯ ಬಾಲ. ಕನ್ನಡದಲ್ಲಿ ಹೇಳುವುದಾದರೆ ಎಲ್ಲರಿಗೂ ಅನ್ನುವ ಪದದಲ್ಲಿ ಎಲ್ಲ ಬಿಟ್ಟು, ರಿಗೂ ಅಂತ ಮಾತ್ರ ಉಳಿಸಿಕೊಂಡ ಹಾಗೆ. ರಿಗೂ ಹತ್ತಿದೆ, ರಿಗೂ ಇಳಿದೆ ಅಂತ ದಿನಾ ಹೇಳುತ್ತಿದ್ದೇವೆ! ಮೋಟಾರಿನಿಂದ ಓಡಿದ ಮೊದಲ ಬಸ್ಸು 1895ರ ಮಾರ್ಚ್‌ನಲ್ಲಿ ಜರ್ಮನಿಯ ಸೀಗನ್ ಹತ್ತಿರ ಶುರುವಾಯಿತು. ಬೆಂಜ್ ಕಂಪನಿಯದ್ದು. ಅದರ ಮೈ ಯಾವ ಮಾದರಿ ಗೊತ್ತಾ? ಲ್ಯಾಂಡೋ.

ಇನ್ನು ಡ್ಯಾಶ್‌ಬೋರ್ಡ್. ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಕೂತವರ ಮೇಲೆ ಬೀಳಬಾರದು ಅಂತ ಮುಂದೆ ನಿಲ್ಲಿಸಿದ ಹಲಗೆ ಅದು. ಕುದುರೆ ಇಲ್ಲದ ಮೇಲೂ ಅದು ಹೋಗಲಿಲ್ಲ. 1901ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಕಾರಿಗೆ ಹೆಸರೇ ಕರ್ವ್ಡ್ ಡ್ಯಾಶ್. ಎಂಜಿನ್ ಇದ್ದದ್ದು ಸೀಟಿನ ಕೆಳಗೆ, ಮುಂದೆ ಆ ಬಾಗಿದ ಹಲಗೆ ಮಾತ್ರ. ಎಂಜಿನ್ ಮುಂದಕ್ಕೆ ಬಂದಾಗ ಆ ಹಲಗೆ ಎಂಜಿನ್ನಿಗೂ ಜನರಿಗೂ ನಡುವಿನ ಗೋಡೆಯಾಯಿತು, ಮೀಟರುಗಳು ಅದಕ್ಕೆ ಅಂಟಿಕೊಂಡವು.

ಕೊನೆಗೆ ನಮ್ಮದೇ ಒಂದು ಪದ, ಕಾರಿನ ಡಿಕ್ಕಿ. ಗುದ್ದುವ ಡಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಸಾರೋಟಿನ ಹಿಂದೆ ಆಳುಗಳು ಕೂರುವ ಹೊರಗಿನ ಸೀಟಿಗೆ ಇಂಗ್ಲಿಷಿನಲ್ಲಿ ಡಿಕಿ ಅನ್ನುತ್ತಿದ್ದರು. ಹಳೇ ಕಾರುಗಳಲ್ಲಿ ಹಿಂದಿನ ಮುಚ್ಚಳ ತೆಗೆದರೆ ಅಂಥದೇ ಮಡಚುವ ಸೀಟು ಇರುತ್ತಿತ್ತು. ಸೀಟು ಹೋಯಿತು, ಜಾಗ ಸಾಮಾನಿಗಾಯಿತು, ಹೆಸರು ನಮ್ಮ ಬಾಯಲ್ಲಿ ಉಳಿಯಿತು. ಉಳಿಸುತ್ತಿಗೆ ಅವರ ಮೂರನೆಯ ಗೊಂಬೆ ಕೂತ ಜಾಗದಲ್ಲಿ ಇವತ್ತು ನಾವು ಸೂಟ್‌ಕೇಸ್ ಇಡುತ್ತೇವೆ.


ಉಳಿಸುತ್ತಿಗೆ:

ಪದಪ್ರಿಯೆ ಮೇಡಂ, ಡಿಕ್ಕಿಯ ವಿಷಯ ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಬಹಳ ಖುಷಿಯಾಯಿತು.

ಚಿಕ್ಕಚಕ್ರ ಅವರೇ, ಎಸ್ ಆಕಾರದ ಪಟ್ಟಿಯ ಬಗ್ಗೆ ಹೇಳುವುದು ಮರೆತಿದ್ದೆ. ಅದು ಲ್ಯಾಂಡೋ ಕಬ್ಬಿಣ. ಬರೀ ಅಲಂಕಾರ ಅಂತ ಅಂಟಿಸಿಬಿಡಬೇಡಿ. ನಿಮ್ಮ ಕಾರಿನ ಕಾಲದಲ್ಲಿ ಅದು ದುಡಿಯುವ ಭಾಗ. ಎರಡು ಬಾಗಿದ ತುಂಡು, ನಡುವೆ ಒಂದು ಕೀಲು, ಮೊಣಕೈ ಇದ್ದ ಹಾಗೆ. ಛಾವಣಿ ಎತ್ತಿದಾಗ ಕೀಲು ನೆಟ್ಟಗಾಗಿ, ಒಂದು ಕೂದಲೆಳೆಯಷ್ಟು ಆಚೆಗೂ ಹೋಗಿ ಕಚ್ಚಿಕೊಳ್ಳುತ್ತದೆ. ಆಗ ಚರ್ಮ ಬಿಗಿಯಾಗಿ ನಿಲ್ಲುತ್ತದೆ. ಕೀಲನ್ನು ಒತ್ತಿ ಮುರಿದರೆ ಛಾವಣಿ ಹಿಂದಕ್ಕೆ ಮಡಚುತ್ತದೆ. ಮುಂದೆ ಗಟ್ಟಿ ಛಾವಣಿಯ ಕಾರುಗಳ ಮೇಲೂ ಇದನ್ನು ಅಂದಕ್ಕೆ ಹಾಕಿದರು. ಶವ ಸಾಗಿಸುವ ಕಾರುಗಳ ಪಕ್ಕದಲ್ಲಿ ಈಗಲೂ ಕಾಣುತ್ತದೆ. ಅಲ್ಲಿ ಅದು ಏನನ್ನೂ ಮಡಚುವುದಿಲ್ಲ.

ನಿಮ್ಮ ಅಳತೆಗೆ ಹಿತ್ತಾಳೆ ತಗಡು ಕೊಯ್ದು ಮಾಡಿ. ಕೀಲಿಗೆ ಸಣ್ಣ ಹಿತ್ತಾಳೆ ತಂತಿ ತೂರಿಸಿ ಎರಡೂ ತುದಿ ಮೆಲ್ಲಗೆ ಬಡಿಯಿರಿ. ಜೋರಾಗಿ ಬಡಿದರೆ ಬಿಗಿದುಕೊಂಡುಬಿಡುತ್ತದೆ, ನಡುವೆ ಒಂದು ತೆಳು ಕಾಗದ ಇಟ್ಟು ಬಡಿದು ಆಮೇಲೆ ಎಳೆದುಬಿಡಿ. ಒಳಗಿನ ಮರದ ಕಮಾನುಗಳು ಮೂರು ಇದ್ದರೆ ಮೂರಕ್ಕೂ ಕೆಳಗೆ ಒಂದೇ ಕೀಲಿನ ಜಾಗ. ಬೇರೆ ಬೇರೆ ಜಾಗದಲ್ಲಿ ಇಟ್ಟರೆ ಬಟ್ಟೆ ಸುಕ್ಕಾಗುತ್ತದೆ.


ಚಿಕ್ಕಚಕ್ರ:

ಕಾಗದದ ಉಪಾಯ ಫಲಿಸಿತು ಸರ್. ನಿನ್ನೆ ರಾತ್ರಿ ನಾಲ್ಕು ಸಲ ಕೆಟ್ಟು ಐದನೆಯ ಸಲ ಕೀಲು ಸಡಿಲವಾಗಿ ಬಂತು. ಬಲಗಡೆಯದು ಸರಿಯಾಗಿ ಕಚ್ಚುತ್ತದೆ. ಎಡಗಡೆಯದು ಇನ್ನೂ ಸ್ವಲ್ಪ ಜಾರುತ್ತದೆ, ಇವತ್ತು ಮತ್ತೆ ಕೊಯ್ಯುತ್ತೇನೆ.

ಮೂರು ಗೊಂಬೆಯನ್ನೂ ಮಾಡಿದೆ. ಮಾಲೀಕರು ಹಿಂದೆ ಕೂತರು, ತಲೆಗೂ ಛಾವಣಿಗೂ ಒಂದು ಬೆರಳು ಅಂತರ ಉಳಿಯಿತು. ಡ್ರೈವರ್ ಕೂರಿಸಿ ನೋಡಿದರೆ ಅವನ ಪಕ್ಕ ಪೂರ್ತಿ ತೆರೆದಿದೆ. ಆ ಕಾಲದಲ್ಲಿ ಅವನ ಪಕ್ಕಕ್ಕೆ ಕಟ್ಟಲು ಚರ್ಮದ ಪರದೆ ಏನಾದರೂ ಕೊಡುತ್ತಿದ್ದರಾ? ಗೊತ್ತಿರುವವರು ಹೇಳಿದರೆ ಅದನ್ನೂ ಹೊಲಿಯುತ್ತೇನೆ. ಆಳಿಗೆ ಈ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟೇ ಸಿಗುತ್ತದೆ ಅಂದುಕೊಂಡು ಅಲ್ಲೇ ಇಟ್ಟಿದ್ದೇನೆ.